ಕೋಣ ಹೋದ ಮೇಲೆ ಟಿಕ್ ಟಿಕ್

ಕಂಬಳದ ಸೀಸನ್ ಶುರುವಾದರೆ ನನ್ನ ಇನ್‌ಬಾಕ್ಸಿಗೆ ಬರುವುದು ಒಂದೇ ಪ್ರಶ್ನೆ. "ಅಣ್ಣಾ, ಯಾವ ಕ್ಯಾಮೆರಾ ತಗೊಳ್ಲಿ? ಸೆಕೆಂಡಿಗೆ ಎಷ್ಟು ಫ್ರೇಮ್ ಬೇಕು?" ಕೋಣಗಳ ಬಗ್ಗೆ ಒಬ್ಬನೂ ಕೇಳುವುದಿಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿ. 2020ರಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣ ಓಡುವ ಕೆಸರಿನ ಓಣಿ) 13.62 ಸೆಕೆಂಡಿನಲ್ಲಿ ಓಡಿದ್ದು ನೆನಪಿದೆ ಅಲ್ವಾ? (ಆಗ ಓಟಗಾರ ಉಸೇನ್ ಬೋಲ್ಟ್ ಜೊತೆ ಹೋಲಿಸಿ ಗಲಾಟೆ ಎಬ್ಬಿಸಿದ್ದು ನನಗಂತೂ ಹಿಡಿಸಲಿಲ್ಲ. ಕೋಣದ ಹಿಂದೆ ಕೆಸರಲ್ಲಿ ಓಡುವ ಓಟವೇ ಬೇರೆ.) ಅಂದರೆ ಸೆಕೆಂಡಿಗೆ ಹತ್ತು ಮೀಟರಿಗಿಂತ ಜಾಸ್ತಿ. ಶಟರ್ ಸಾವಿರದಲ್ಲೊಂದು ಸೆಕೆಂಡಿಗೆ ಇಟ್ಟರೆ ಅಷ್ಟರಲ್ಲಿ ಕೋಣ ಸರಿಯುವುದು ಬರೀ ಒಂದು ಸೆಂಟಿಮೀಟರ್. ತೊಂದರೆ ಅಲ್ಲಿಲ್ಲ. ಕಣ್ಣು ಕಂಡದ್ದು ಬೆರಳಿಗೆ ತಲುಪಲು ಹತ್ತಿರ ಹತ್ತಿರ ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಜೋಡಿ ಎರಡೂವರೆ ಮೀಟರ್ ದಾಟಿರುತ್ತದೆ. ನಿಮಗೆ ಸಿಗುವುದು ಬಾಲ.

ನನಗೂ ಮೊದಲ ವರ್ಷ ಸಿಕ್ಕಿದ್ದು ಬಾಲಗಳೇ. ಅದರಲ್ಲೂ ಕನೆಹಲಗೆ ಅನ್ನುವ ವಿಭಾಗದಲ್ಲಿ ಪೂರ್ತಿ ಸೋತೆ. ಅಲ್ಲಿ ವೇಗಕ್ಕಿಂತ ನೀರಿನ ಎತ್ತರ ಮುಖ್ಯ. ಹಲಗೆಯ ತೂತುಗಳಿಂದ ನೀರು ಚಿಮ್ಮಿ ಮೇಲೆ ಕಟ್ಟಿದ ನಿಶಾನೆಗೆ ಹಾಯಬೇಕು, ಆರೂವರೆ ಕೋಲು, ಏಳೂವರೆ ಕೋಲು ಅಂತ (ಕೋಲು ಅಂದರೆ ಎತ್ತರದ ಅಳತೆ). ನಾನು ನಿಶಾನೆಯನ್ನೇ ನೋಡುತ್ತಾ ಕೂತಿದ್ದೆ. ಬಟ್ಟೆ ಒದ್ದೆಯಾದದ್ದು ಕಂಡು ಒತ್ತುವಷ್ಟರಲ್ಲಿ ನೀರು ಕೆಳಗೆ ಬಿದ್ದಾಗಿತ್ತು. ಫೋಕಸ್ ಬೇರೆ ಹನಿಗಳ ಹಿಂದೆ ಓಡಿಹೋಗಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ತುಂಬಾ ಹೊತ್ತು ನೋಡಿ, "ಎಂತ ಮಾರಾಯ್ರೆ, ಕೋಣ ಹೋದ ಮೇಲೆ ಟಿಕ್ ಟಿಕ್ ಮಾಡ್ತೀರಿ? ಗಂತಿನ ಕಡೆ ನೋಡಿ" ಅಂದರು.

ಗಂತು ಅಂದರೆ ಕೋಣ ಬಿಡುವ ಜಾಗ. ಅವತ್ತಿನಿಂದ ನನ್ನ ಎಡಗಣ್ಣು ಅಲ್ಲೇ. ನಿಶಾನೆಯ ನೇರಕ್ಕೆ ಮೊದಲೇ ಫೋಕಸ್ ಮಾಡಿ ಲಾಕ್ ಮಾಡುತ್ತೇನೆ. ಜೋಡಿ ನೆಟ್ಟಗೆ ನಿಂತಿದೆಯಾ, ಒಂದು ಕೋಣ ಪಕ್ಕಕ್ಕೆ ಎಳೆಯುತ್ತಿದೆಯಾ, ಓಡಿಸುವವರು ಹಲಗೆಯ ಮೇಲೆ ಕಾಲು ಹೇಗೆ ಇಟ್ಟರು, ಇದಿಷ್ಟು ನೋಡುತ್ತೇನೆ. ಬೊಬ್ಬೆ ಎದ್ದ ಕೂಡಲೇ ಮನಸ್ಸಲ್ಲೇ ಎಣಿಕೆ ಶುರು. ನೀರು ನಿಶಾನೆ ಮುಟ್ಟುವ ಮೊದಲೇ ಬೆರಳು ಒತ್ತಿರಬೇಕು. ಹತ್ತರಲ್ಲಿ ಆರು ಸಲ ತಪ್ಪುತ್ತದೆ, ಇವತ್ತಿಗೂ.

"ಈಗ ಪ್ರೀ-ಕ್ಯಾಪ್ಚರ್ ಬಂದಿದೆಯಲ್ಲ" ಅಂತ ಗೆಳೆಯನೊಬ್ಬ ವಾದಕ್ಕೆ ಬಂದ. ನಿಜ. 2023ರಲ್ಲಿ ಘೋಷಣೆಯಾದ ಸೋನಿ ಎ9 III ಕ್ಯಾಮೆರಾ ಸೆಕೆಂಡಿಗೆ 120 ಫ್ರೇಮ್ ತೆಗೆಯುತ್ತದೆ. ನೀವು ಒತ್ತುವ ಮೊದಲಿನ ಒಂದು ಸೆಕೆಂಡನ್ನೂ ಉಳಿಸಿಕೊಡುತ್ತದೆ. ದುಡ್ಡಿದ್ದರೆ ತಗೊಳ್ಳಿ, ನಾನೂ ತಗೊಳ್ಳುತ್ತಿದ್ದೆ. ಆದರೆ ಕರೆಯ ಯಾವ ಬದಿ ಕೂರಬೇಕು, ಯಾವ ಜೋಡಿ ಬಲಕ್ಕೆ ಎಳೆಯುತ್ತದೆ ಅಂತ ಅದು ಹೇಳಲ್ಲ. ನಾಲ್ಕು ಸಾವಿರ ಫ್ರೇಮ್ ಮನೆಗೆ ಹೊತ್ತು ತಂದು ಬೆಳಗಿನ ತನಕ ಅಳಿಸುತ್ತಾ ಕೂರುವವರನ್ನು ನೋಡಿದ್ದೇನೆ. ನನಗೆ ಅದು ಫೋಟೋಗ್ರಫಿ ಅನ್ನಿಸುವುದಿಲ್ಲ. ಬೈಯುವವರು ಕಾಮೆಂಟಿನಲ್ಲಿ ಬೈಯಿರಿ.

ಕಳೆದ ಸಲ ಮೊದಲ ಹತ್ತು ಜೋಡಿ ಹೋಗುವ ತನಕ ನಾನು ಕ್ಯಾಮೆರಾ ಎತ್ತಲೇ ಇಲ್ಲ. ಬರೀ ನೋಡುತ್ತಿದ್ದೆ. ಪಕ್ಕದ ಹುಡುಗ ಪಾಪ, ತನ್ನ ಬ್ಯಾಗಿಗೆ ಕೈ ಹಾಕುತ್ತಾ, "ಅಣ್ಣಾ, ಬ್ಯಾಟರಿ ಮುಗೀತಾ? ನನ್ನದು ಕೊಡ್ಲಾ?" ಅಂದ.