ಮಾಮ, ಇನ್ನೂ ಕಬ್ಬಿಣಾನಾ?

ಕಳೆದ ಶನಿವಾರ ರಾತ್ರಿ ಮೈನ್‌ಕ್ರಾಫ್ಟ್ ಅನ್ನುವ ಕಂಪ್ಯೂಟರ್ ಆಟಕ್ಕೆ ಲಾಗಿನ್ ಆದೆ. ಅಕ್ಕನ ಮಗ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಎದುರು ಬಂದು ನಿಂತ. ಅವನ ಮೈಮೇಲೆ ತಲೆಯಿಂದ ಕಾಲಿನ ತನಕ ಕಪ್ಪು ನೆದರೈಟ್ ಕವಚ, ಆಟದಲ್ಲೇ ಎಲ್ಲಕ್ಕಿಂತ ಗಟ್ಟಿಯದು. ಅವನ ಇಬ್ಬರು ಗೆಳೆಯರದ್ದು ಡೈಮಂಡ್, ನೀಲಿಯಾಗಿ ಮಿಂಚುತ್ತಿತ್ತು. ನನ್ನದು ಕಬ್ಬಿಣ. "ಮಾಮ, ಇನ್ನೂ ಕಬ್ಬಿಣಾನಾ?" ಅಂದ. ದನಿಯಲ್ಲಿ ಗೇಲಿ ಇರಲಿಲ್ಲ, ಕನಿಕರ ಇತ್ತು. ಅದೇ ಜಾಸ್ತಿ ಚುಚ್ಚಿತು. ಮದುವೆಮನೆಗೆ ಹವಾಯಿ ಚಪ್ಪಲಿಯಲ್ಲಿ ಬಂದವನನ್ನು ಮಾತಾಡಿಸುತ್ತಾರಲ್ಲ, ಆ ಥರ.

ಉತ್ತರ ಹೇಳೋಣ ಅನ್ನುವಷ್ಟರಲ್ಲಿ ಹಿಂದಿನಿಂದ ಜಾಂಬಿ ಬಂತು, ಮಾತು ಅಲ್ಲಿಗೇ ನಿಂತಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೌದಪ್ಪಾ, ಇನ್ನೂ ಕಬ್ಬಿಣಾನೇ. ಡೈಮಂಡ್ ಸಿಗದೆ ಅಲ್ಲ, ಸಿಕ್ಕಿದ ಮೇಲೆ ಬಿಟ್ಟಿದ್ದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೈನ್‌ಕ್ರಾಫ್ಟ್‌ನಲ್ಲಿ ಹೆಲ್ಮೆಟ್, ಎದೆಕವಚ, ಕಾಲುಕವಚ, ಬೂಟು ಅಂತ ನಾಲ್ಕು ತುಂಡು ಸೇರಿದರೆ ಒಂದು ಸೆಟ್. ಕ್ರಮವಾಗಿ 5, 8, 7, 4, ಒಟ್ಟು 24 ಲೋಹದ ಗಟ್ಟಿ ಬೇಕು. ಚರ್ಮ, ವಜ್ರ, ಯಾವುದರಲ್ಲಿ ಮಾಡಿದರೂ ಲೆಕ್ಕ ಇಷ್ಟೇ. ಬದಲಾಗುವುದು ರಕ್ಷಣೆಯ ಪಾಯಿಂಟು: ಚರ್ಮಕ್ಕೆ 7, ಚಿನ್ನಕ್ಕೆ 11, ಸರಪಳಿ ಅಂಗಿಗೆ 12, ಕಬ್ಬಿಣಕ್ಕೆ 15, ಡೈಮಂಡ್‌ಗೆ 20. ಒಂದು ಪಾಯಿಂಟ್ ಅಂದರೆ ಹೆಚ್ಚೆಂದರೆ 4% ಏಟು ಕಮ್ಮಿ. ಅಂದರೆ ಕಬ್ಬಿಣ 60%, ಡೈಮಂಡ್ 80%. ಕಾಗದದ ಮೇಲೆ ನೋಡಿದರೆ ವಾದವೇ ಇಲ್ಲ, ಡೈಮಂಡ್ ಗೆದ್ದಿದೆ. ನಾನೂ ಹಾಗೇ ಅಂದುಕೊಂಡಿದ್ದೆ.

ನನ್ನ ಮೊದಲ ಡೈಮಂಡ್ ಸೆಟ್ ಆಗುವುದಕ್ಕೆ ಮೂರು ವಾರ ಹಿಡಿಯಿತು. ವಜ್ರ ಜಾಸ್ತಿ ಸಿಗುವುದು ತೀರಾ ಆಳದಲ್ಲಿ, ಆಟದ ಎತ್ತರದ ಲೆಕ್ಕದಲ್ಲಿ ಮೈನಸ್ 59ರ ಆಸುಪಾಸು. ಲಾವಾ ಕೆರೆಗಳಿರುವುದೂ ಅಲ್ಲೇ. ಆಫೀಸಿನಿಂದ ಬಂದು ಊಟ ಮುಗಿಸಿ ದಿನಾ ಒಂದು ಗಂಟೆ ಸುರಂಗ ಕೊರೆಯುತ್ತಿದ್ದೆ. ಒಂದೊಂದು ದಿನ ಎರಡೋ ಮೂರೋ ಸಿಗುತ್ತಿತ್ತು, ಒಂದೊಂದು ದಿನ ಬರೀ ಕಲ್ಲು. 24 ಆದ ದಿನ ಎಲ್ಲಾ ಒಂದೇ ಸಲ ಮಾಡಿ ಹಾಕಿಕೊಂಡು ಕೆರೆ ಪಕ್ಕ ನಿಂತು ಫೋಟೋ ಬೇರೆ ತೆಗೆದೆ. ನಗಬೇಡಿ.

ಹೋಗುವುದಕ್ಕೆ ಹಿಡಿದದ್ದು ಒಂದು ಸೀನು. ನಾಟಕದ ಸೀನಲ್ಲ, ಮೂಗಿನದು.

ಆಟದೊಳಗಿನ ಪಾತಾಳಲೋಕ ನೆದರ್‌ನಲ್ಲಿ ಲಾವಾ ಸಮುದ್ರದ ಮೇಲೆ ಕಲ್ಲಿನ ಸೇತುವೆ ಕಟ್ಟುತ್ತಿದ್ದೆ. ಶಿಫ್ಟ್ ಒತ್ತಿ ಹಿಡಿದರೆ ಮನುಷ್ಯ ಬಗ್ಗಿ ನಡೆಯುತ್ತಾನೆ, ಅಂಚಿನಿಂದ ಬೀಳುವುದಿಲ್ಲ. ಹಿಂದೆ ಹಿಂದೆ ಹೋಗುತ್ತಾ ಒಂದೊಂದೇ ಕಲ್ಲು ಇಡಬೇಕು. ಅಡುಗೆಮನೆಯಲ್ಲಿ ಅಮ್ಮ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಳು. ಘಾಟು ಬಂತು, ಸೀನು ಬಂತು, ಶಿಫ್ಟ್‌ನಿಂದ ಕಿರುಬೆರಳು ಎದ್ದಿತು. ಅಷ್ಟೇ. ಸ್ಕ್ರೀನ್ ಪೂರ್ತಿ ಕಿತ್ತಳೆ ಬಣ್ಣ. ಹೃದಯಗಳು ಪಟಪಟ ಅಂತ ಖಾಲಿಯಾದವು. ಬೇರೆ ಕಡೆ ಸತ್ತರೆ ಐದು ನಿಮಿಷದೊಳಗೆ ಓಡಿಹೋಗಿ ಬಿದ್ದ ಸಾಮಾನು ಎತ್ತಿಕೊಳ್ಳಬಹುದು. ಲಾವಾದಲ್ಲಿ ಬಿದ್ದ ಡೈಮಂಡ್ ಉರಿದೇ ಹೋಗುತ್ತದೆ. "ಏನಾಯ್ತೋ?" ಅಂದಳು ಅಮ್ಮ. ಏನು ಹೇಳುವುದು?

ಎರಡನೇ ಸೆಟ್ ಮಾಡಿದೆ. ಇಲ್ಲಿಂದ ನನ್ನ ಆಟ ಕೆಟ್ಟಿತು. ಹಾಕಿಕೊಂಡು ಹೊರಗೆ ಹೋಗುವುದಕ್ಕೇ ಭಯ. ಹೊಸ ಗುಹೆ ಕಂಡರೆ, "ಇವತ್ತು ಬೇಡ, ನಾಳೆ ನೋಡೋಣ". ನೆದರ್ ಅಂದರೆ, "ಹುಡುಗರು ಹೋಗಿ ಬರಲಿ". ಕೊನೆಗೆ ಡೈಮಂಡ್ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು, ಒಂದು ಹಳೇ ಕಬ್ಬಿಣದ ಸೆಟ್ ಹಾಕಿಕೊಂಡು ಹೋಗಲು ಶುರು ಮಾಡಿದೆ. ಅಮ್ಮನ ರೇಷ್ಮೆ ಸೀರೆ ನೆನಪಾಯಿತು. ವರ್ಷಕ್ಕೊಮ್ಮೆ ಬೀರುವಿನಿಂದ ತೆಗೆಯುತ್ತಾಳೆ, ಮಡಿಕೆ ಬದಲಿಸುತ್ತಾಳೆ, ಮತ್ತೆ ಒಳಗಿಡುತ್ತಾಳೆ. ಸೀರೆಯಾದರೋ ನೋಡಿದರೆ ಖುಷಿ ಕೊಡುತ್ತದೆ. ಪೆಟ್ಟಿಗೆಯಲ್ಲಿರುವ ಕವಚದಿಂದ ಯಾರಿಗೆ ಏನು ಉಪಯೋಗ?

ಹೀಗೆ ಕಬ್ಬಿಣ ಹಾಕಿಕೊಂಡು ಎರಡು ತಿಂಗಳು ಆಡಿದ ಮೇಲೆ ಒಂದು ವಿಷಯ ಗಮನಿಸಿದೆ. ನಾನು ಸಾಯುತ್ತಿದ್ದ ರೀತಿಯೇನೂ ಬದಲಾಗಿರಲಿಲ್ಲ. ಎತ್ತರದಿಂದ ಬಿದ್ದು ಸಾಯುತ್ತೇನೆ. ಲಾವಾದಲ್ಲಿ ಸಾಯುತ್ತೇನೆ. ಮುಳುಗಿ ಸಾಯುತ್ತೇನೆ. ಕ್ರೀಪರ್ ಅನ್ನುವ ನಡೆದಾಡುವ ಬಾಂಬ್ ಬಂದು ಮೈಗೆ ಒರಗಿ ಢಮಾರ್ ಅನ್ನುತ್ತದೆ. ಇದರಲ್ಲಿ ಬೀಳುವುದಕ್ಕೂ ಮುಳುಗುವುದಕ್ಕೂ ಕವಚದ ಪಾಯಿಂಟ್ ಲೆಕ್ಕಕ್ಕೇ ಬರುವುದಿಲ್ಲ. ಬೂಟಿಗೆ ಫೆದರ್ ಫಾಲಿಂಗ್ ಥರದ ಎನ್‌ಚಾಂಟ್‌ಮೆಂಟ್, ಅಂದರೆ ಮಂತ್ರ, ಹಾಕಿಸಿದ್ದರೆ ಬೇರೆ ಮಾತು. ಇಲ್ಲದಿದ್ದರೆ ನೆದರೈಟ್ ಹಾಕಿದವನೂ ಬರಿಮೈಯವನೂ ಬಂಡೆಯಿಂದ ಬಿದ್ದರೆ ಒಂದೇ.

ಕ್ರೀಪರ್ ಲೆಕ್ಕ ಇನ್ನೂ ಮಜವಾಗಿದೆ. ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯಲ್ಲಿ ಏಟು ದೊಡ್ಡದಾದಷ್ಟೂ ಕವಚದ ಶಕ್ತಿ ಕುಗ್ಗುತ್ತದೆ. ಆ 60%, 80% ಎಲ್ಲ ಸಣ್ಣ ಏಟುಗಳಿಗೆ ಮಾತ್ರ ಹತ್ತಿರ ಬರುವ ಮಾತು. ನಾರ್ಮಲ್ ಅನ್ನುವ ಕಷ್ಟದ ಮಟ್ಟದಲ್ಲಿ ಕ್ರೀಪರ್ ಒಂದು ತೀರಾ ಹತ್ತಿರದಲ್ಲಿ ಸಿಡಿದರೆ 43ರ ತನಕ ಹಾನಿ. ನಮ್ಮ ಜೀವ 20. ಎನ್‌ಚಾಂಟ್ ಮಾಡದ ಕಬ್ಬಿಣ ಅದನ್ನ ಸುಮಾರು 38ಕ್ಕೆ ಇಳಿಸುತ್ತದೆ, ಡೈಮಂಡ್ 27ಕ್ಕೆ, ನೆದರೈಟ್ 23ಕ್ಕೆ. ಮೂವರೂ ಸತ್ತರು! ನೆದರೈಟ್‌ನವನು ಸ್ವಲ್ಪ ಗೌರವದಿಂದ ಸತ್ತ ಅನ್ನಬಹುದು, ಅಷ್ಟೇ. ಪ್ರೊಟೆಕ್ಷನ್ ಅನ್ನುವ ಮಂತ್ರ ಹಾಕಿಸಿದರೆ ಉಳಿಯುತ್ತಾರೆ, ನಿಜ. ಆದರೆ ಪ್ರೊಟೆಕ್ಷನ್ ಕಬ್ಬಿಣಕ್ಕೂ ಹಾಕಿಸಬಹುದು ಅಲ್ವಾ?

ನೆದರೈಟ್ ಲಾವಾದಲ್ಲಿ ಉರಿಯಲ್ಲ, ತೇಲುತ್ತೆ, ಅಂತ ಅಕ್ಕನ ಮಗ ಹೇಳುತ್ತಾನೆ. ಒಪ್ಪಿದೆ. ಆದರೆ ಅದರ ಖರ್ಚು ಕೇಳಿ. ಮೊದಲು ಪೂರ್ತಿ ಡೈಮಂಡ್ ಸೆಟ್, 24 ವಜ್ರ. ಆಮೇಲೆ ಒಂದೊಂದು ತುಂಡಿಗೆ ಒಂದು ನೆದರೈಟ್ ಗಟ್ಟಿ. ಒಂದು ಗಟ್ಟಿಗೆ ನಾಲ್ಕು ನೆದರೈಟ್ ಚೂರು, ನಾಲ್ಕು ಚಿನ್ನ. ಅಂದರೆ 16 ಚೂರು, 16 ಚಿನ್ನ. 2023ರ ಅಪ್‌ಡೇಟ್ ಆದಮೇಲೆ ತುಂಡಿಗೊಂದು ಅಚ್ಚು ಬೇರೆ ಬೇಕು. ನೆದರ್‌ನ ಹಂದಿಮುಖದ ಪಿಗ್ಲಿನ್‌ಗಳ ಕೋಟೆಯಲ್ಲಿ ಒಂದು ಸಿಕ್ಕಿತು ಅನ್ನಿ, ಉಳಿದ ಮೂರನ್ನ ನಕಲು ಮಾಡುವುದಕ್ಕೆ ತಲಾ ಏಳು ವಜ್ರ. ಒಟ್ಟು 45 ವಜ್ರ! ಆ 16 ಚೂರು ಹುಡುಕುವುದಕ್ಕೆ ಹುಡುಗರು ಏನು ಮಾಡುತ್ತಾರೆ ಗೊತ್ತಾ? ನೆದರ್‌ನಲ್ಲಿ ಹಾಸಿಗೆ ಹಾಕಿ ಮಲಗಲು ಹೋದರೆ ಅದು ಸ್ಫೋಟಿಸುತ್ತದೆ. ಅದನ್ನೇ ಬಾಂಬ್ ಮಾಡಿಕೊಂಡು ಗೋಡೆ ಒಡೆಯುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹೇಳಿಕೊಂಡು ಬೆಳೆದವನು ನಾನು. ಅಲ್ಲಿ ಕಾಲು ಚಾಚಿದರೇ ಢಂ.

ಕಬ್ಬಿಣದ ಖರ್ಚು? ನಮ್ಮ ಊರ ಪಕ್ಕ ಹಳ್ಳಿಗರನ್ನ ಜಾಂಬಿ ತೋರಿಸಿ ಹೆದರಿಸುವ ಒಂದು ಸಣ್ಣ ಗೋಪುರ ಕಟ್ಟಿದ್ದೇನೆ. ಅವರು ಹೆದರಿದಾಗಲೆಲ್ಲ ಅವರ ಕಾವಲಿಗೆ ಗೊಲೆಮ್ ಅನ್ನುವ ಒಂದು ಕಬ್ಬಿಣದ ಬೊಂಬೆ ಹುಟ್ಟುತ್ತದೆ, ಲಾವಾಗೆ ಬೀಳುತ್ತದೆ, ಮೂರರಿಂದ ಐದು ಗಟ್ಟಿ ಉದುರಿಸುತ್ತದೆ. ಹಳ್ಳಿಗರ ಬಗ್ಗೆ ನನಗೆ ಸ್ವಲ್ಪ ಪಾಪಪ್ರಜ್ಞೆ ಇದೆ, ಅದು ಬೇರೆ ವಿಷಯ. ಬೆಳಿಗ್ಗೆ ಹೋಗಿ ಪೆಟ್ಟಿಗೆ ತೆರೆದರೆ ಎರಡು ಸೆಟ್‌ಗಾಗುವಷ್ಟು ಇರುತ್ತದೆ. ಕಮ್ಮಾರನ ಒಂದು ಅಡಿಗಲ್ಲು (ಆನ್ವಿಲ್) ಮಾಡುವುದಕ್ಕೇ 31 ಗಟ್ಟಿ ಬೇಕು. ಮೈಮೇಲಿನ ಪೂರ್ತಿ ಕವಚ ಅದಕ್ಕಿಂತ ಅಗ್ಗ. ಸತ್ತರೆ? ಇನ್ನೊಂದು ಸೆಟ್, ಇನ್ನೊಂದು ಬಕೆಟ್, ಒಂದು ಗುರಾಣಿ. ಐದು ನಿಮಿಷದಲ್ಲಿ ಅದೇ ಗುಹೆಯ ಬಾಯಲ್ಲಿ ನಿಂತಿರುತ್ತೇನೆ.

ಉಳಿದವುಗಳನ್ನೂ ಬೈಯಬಾರದು. ಚಿನ್ನ ಕವಚವಾಗಿ ಲಡ್ಡು, ಎದೆಕವಚ ಕಬ್ಬಿಣದ್ದಕ್ಕೆ ಅರ್ಧದಷ್ಟೂ ಬಾಳುವುದಿಲ್ಲ. ಆದರೆ ಪಿಗ್ಲಿನ್‌ಗಳ ಊರಿಗೆ ಹೋಗುವಾಗ ಮೈಮೇಲೆ ಒಂದಾದರೂ ಚಿನ್ನದ ತುಂಡು ಇದ್ದರೆ ಅವು ಮುಟ್ಟುವುದಿಲ್ಲ. ನೆಂಟರ ಮದುವೆಗೆ ಸರ ಹಾಕಿಕೊಂಡು ಹೋದ ಹಾಗೆ, ರಕ್ಷಣೆಗಲ್ಲ, ಮರ್ಯಾದೆಗೆ. ಅಲ್ಲಿ ಅವುಗಳ ಕಣ್ಣೆದುರು ಪೆಟ್ಟಿಗೆ ತೆರೆದಿರೋ, ಕಥೆ ಮುಗಿಯಿತು. ಇನ್ನೊಂದು ಗುಟ್ಟು: ಚಿನ್ನದ ಹೆಲ್ಮೆಟ್‌ಗೂ ಕಬ್ಬಿಣದ ಹೆಲ್ಮೆಟ್‌ಗೂ ತಲಾ ಎರಡೇ ಪಾಯಿಂಟು. ಅಲ್ಲಿಗೆ ಹೋಗುವಾಗ ಕಬ್ಬಿಣದವನು ತಲೆಗೆ ಚಿನ್ನ ಹಾಕಿಕೊಂಡರೆ ಏನೂ ನಷ್ಟ ಇಲ್ಲ. ಡೈಮಂಡ್‌ನವನಿಗೆ ಒಂದು ಪಾಯಿಂಟ್ ಹೋಗುತ್ತದೆ.

ಚರ್ಮದ ಬೂಟು ಒಂದು ಜೊತೆ ನನ್ನ ಪೆಟ್ಟಿಗೆಯಲ್ಲಿ ಯಾವಾಗಲೂ ಇರುತ್ತದೆ, ಪುಡಿಹಿಮದಲ್ಲಿ ಹೂತುಹೋಗದೆ ನಡೆಯುವುದಕ್ಕೆ. ಸರಪಳಿ ಅಂಗಿಯನ್ನು ನಾವೇ ಮಾಡಿಕೊಳ್ಳುವ ಹಾಗೇ ಇಲ್ಲ, ಯಾರಾದರೂ ಮಾರಬೇಕು ಇಲ್ಲ ಸತ್ತವರ ಮೈಮೇಲೆ ಸಿಗಬೇಕು. 2025ರಲ್ಲಿ ತಾಮ್ರದ್ದೂ ಬಂತು, ಚರ್ಮಕ್ಕೂ ಕಬ್ಬಿಣಕ್ಕೂ ನಡುವೆ. ನೋಡುವುದಕ್ಕೆ ನಮ್ಮ ಅಜ್ಜಿ ಮನೆಯ ಬಚ್ಚಲ ಹಂಡೆಯನ್ನೇ ತೊಟ್ಟ ಹಾಗಿದೆ. ಆಟದಲ್ಲಿ ತಾಮ್ರದ ಗೋಡೆ ಹಸಿರುಗಟ್ಟಿದರೆ ಹುಣಸೆಹಣ್ಣು ಹಾಕಿ ತಿಕ್ಕುವ ಹಾಗಿಲ್ಲ, ಕೊಡಲಿಯಲ್ಲಿ ಕೆರೆಯಬೇಕು. ಅಜ್ಜಿ ನೋಡಿದ್ದರೆ ಬೈಯುತ್ತಿದ್ದಳು.

ಹಾರ್ಡ್‌ಕೋರ್‌ನಲ್ಲಿ ಒಂದೇ ಜೀವ, ಅಲ್ಲಿ ಆಡುವವರಿಗೆ ನನ್ನ ಮಾತು ಅನ್ವಯಿಸುವುದಿಲ್ಲ. ಮನುಷ್ಯರ ಜೊತೆ ಹೊಡೆದಾಡುವ ಸರ್ವರ್‌ಗಳಲ್ಲೂ ಇಲ್ಲ. ಅಲ್ಲಿ ಕಬ್ಬಿಣ ಹಾಕಿಕೊಂಡು ಹೋದರೆ ಎರಡೇ ನಿಮಿಷ. ನಾನು ಹೇಳುತ್ತಿರುವುದು ರಾತ್ರಿ ಊಟ ಆದಮೇಲೆ ಸುಮ್ನೆ ಒಂದು ಗಂಟೆ ಆಡುವವರ ವಿಷಯ. ನನಗೆ ಬೇಕಾಗಿರುವುದು ಹೋಗುವ ಧೈರ್ಯ. ಡೈಮಂಡ್ ನನಗೆ 20 ಪಾಯಿಂಟ್ ಕೊಟ್ಟು ಅದನ್ನೇ ಕಿತ್ತುಕೊಂಡಿತು.

ಈ ಭಾನುವಾರ ಆಟದ ದೊಡ್ಡ ಶತ್ರು ಡ್ರ್ಯಾಗನ್ ಜೊತೆ ಹೊಡೆದಾಡಲು ಹೋಗುತ್ತಿದ್ದೇವೆ, ನಾಲ್ಕೂ ಜನ. ಅಲ್ಲಿ ತುಂಬಾ ಎಂಡರ್‌ಮ್ಯಾನ್‌ಗಳಿರುತ್ತವೆ. ಉದ್ದ ಕಾಲು, ನೇರಳೆ ಕಣ್ಣು. ಕಣ್ಣಿಗೆ ಕಣ್ಣಿಟ್ಟು ನೋಡಿದರೆ ಕೆರಳಿ ಮೈಮೇಲೆ ಬರುತ್ತವೆ. ಹೆಲ್ಮೆಟ್ ಬದಲು ಕೆತ್ತಿದ ಕುಂಬಳಕಾಯಿ ಹಾಕಿಕೊಂಡರೆ ನೋಡಿದರೂ ಸುಮ್ಮನಿರುತ್ತವೆ. ದೃಷ್ಟಿಗೆ ಕುಂಬಳಕಾಯಿ! ಸ್ಟಾಕ್‌ಹೋಮ್‌ನಲ್ಲಿ ಕೂತು ಆಟ ಮಾಡಿದವರಿಗೆ ಇದನ್ನ ಯಾರು ಹೇಳಿಕೊಟ್ಟರೋ. ಕುಂಬಳಕಾಯಿಗೆ ಪಾಯಿಂಟ್ ಸೊನ್ನೆ, ಹಾಗಾಗಿ ನನ್ನ 15ರಲ್ಲಿ ಎರಡು ಹೋಗಿ 13 ಉಳಿಯುತ್ತದೆ. ಅಕ್ಕನ ಮಗನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾಮ, ಫೋಟೋ ಮಾತ್ರ ಹಾಕ್ಬೇಡ" ಅಂದ.