ಟೈರು ಕೇಳಿದವಳು ನಾನು, ಉತ್ತರ ಹೋದದ್ದು ಅಕ್ಕನ ಮಗನಿಗೆ

ನಾನು ಕೇಳಿದ್ದು ಟೈರು ಯಾವ ವಾರ ತಯಾರಾಯಿತು ಎಂದು ಹೇಳುವ ನಾಲ್ಕು ಅಂಕಿಗಳನ್ನು ಮಾತ್ರ. ಅದಕ್ಕೆ ಟೈರಂಗಡಿಯ ಮನುಷ್ಯ ಕೊಟ್ಟ ಉತ್ತರ, "ಮೇಡಂ, ಟೈರೇನು ಹಾಲಿನ ಪ್ಯಾಕೆಟ್ಟಾ, ಡೇಟ್ ನೋಡಿ ತಗೊಳ್ಳೋಕೆ?" ಎಂಬುದು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಗಾಳಿ ಹಿಡಿಸಲು ಬಂದು ನಿಂತಿದ್ದ ಪಿಕಪ್‌ನ ಡ್ರೈವರ್ ನಕ್ಕ, ಅಲೈನ್‌ಮೆಂಟ್ ಯಂತ್ರದ ಹತ್ತಿರ ಕೂತಿದ್ದ ಹುಡುಗರು ನಕ್ಕರು, ಕೊನೆಗೆ ನನ್ನ ಜೊತೆಗೇ ಬಂದಿದ್ದ ಅಕ್ಕನ ಮಗನ ತುಟಿಯೂ ಒಂದಿಷ್ಟು ಅಲುಗಿತು. ನಿನ್ನೆಯಿಂದ ತೋಟದಲ್ಲಿ ಯಾವ ಕೆಲಸಕ್ಕೆ ಕೈ ಹಾಕಿದರೂ ಆ ನಗುವೇ ಕಿವಿಯಲ್ಲಿದೆ. ಆ ಅಂಗಡಿಯ ಮೆಟ್ಟಿಲನ್ನು ಇನ್ನು ತುಳಿಯುವುದಿಲ್ಲ ಎಂದು ಮನೆಯಲ್ಲಿ ಹೇಳಿಯೂ ಆಯಿತು. ಹೇಳಿದ ಮೇಲೂ ಸಮಾಧಾನವಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಓಡಿಸಿಕೊಂಡು ಹೋದವಳು ನಾನು. ಸ್ಟೇರಿಂಗ್ ಹಿಂದಿನಿಂದ ಇಳಿದದ್ದನ್ನು ಆತ ಕಣ್ಣಾರೆ ಕಂಡಿದ್ದಾನೆ, ಕೀ ನನ್ನ ಕೈಯಲ್ಲೇ ಇತ್ತು. ಆದರೂ ಆತ "ಹೇಳಿ ಸರ್" ಎಂದದ್ದು 19 ವರ್ಷದ ಹುಡುಗನಿಗೆ. ಆ ಹುಡುಗನಿಗೆ ಇನ್ನೂ ಲೈಸೆನ್ಸ್ ಆಗಿಲ್ಲ. ಬೇಕಾದದ್ದನ್ನು ನಾನೇ ಸ್ಪಷ್ಟವಾಗಿ ಹೇಳಿದೆ: ನನ್ನ ಫೋರ್ ವೀಲ್ ಗಾಡಿ ಜಿಮ್ನಿಗೆ 195/80 ಆರ್ 15 ಅಳತೆ, ಡಾಂಬರಿಗೂ ಮಣ್ಣಿಗೂ ಆಗುವ ಎ/ಟಿ, ಸ್ಟೆಪ್ನಿಯೂ ಸೇರಿ ಐದು ಟೈರು, ಭಾರ ಹೊರುವ ಶಕ್ತಿ ತೋರಿಸುವ ಲೋಡ್ ಇಂಡೆಕ್ಸ್ 96ಕ್ಕಿಂತ ಕಡಿಮೆಯಾಗಬಾರದು. ಆತ ಹುಡುಗನ ಕಡೆ ತಿರುಗಿ, "ಆ ಸೈಜಲ್ಲಿ ಎ/ಟಿ ಬರೋದೇ ಇಲ್ಲ ಬಾಸ್. ಎಲ್ಲರೂ 235/75 ಮಡ್ ಟೈರ್ ಹಾಕಿಸ್ತಾರೆ, ಗಾಡಿ ಲುಕ್ಕೇ ಬೇರೆ ಆಗುತ್ತೆ" ಎಂದ. ನಾನು ಲುಕ್ ಕೇಳಿರಲಿಲ್ಲ.

ಇಡೀ ಹೊತ್ತಿನಲ್ಲಿ ಒಬ್ಬನೇ ಒಬ್ಬ, "ನೀವು ಗಾಡಿ ಓಡಿಸುವುದು ಎಲ್ಲಿ?" ಎಂದು ಕೇಳಲಿಲ್ಲ. ಟೈರು ಆರಿಸುವ ಕೆಲಸ ಆ ಪ್ರಶ್ನೆಯಿಂದಲೇ ಅಲ್ಲವೇ ಶುರುವಾಗಬೇಕಾದದ್ದು? ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಬರುವವರೆಗೆ ತೋಟದ ಕೆಮ್ಮಣ್ಣಿನ ದಾರಿ. ಜೂನ್ ಹಿಡಿದರೆ ಮೇಲೆ ಪಾದ ಮುಳುಗುವಷ್ಟು ರಾಡಿ, ಕೆಳಗೆ ಜಂಬಿಟ್ಟಿಗೆಯ ಗಟ್ಟಿ ನೆಲ. ಅಲ್ಲಿಂದ ಮುಂದೆ ಮೂಡಿಗೆರೆಗಾಗಲಿ ಕೊಟ್ಟಿಗೆಹಾರಕ್ಕಾಗಲಿ ಪೂರ್ತಿ ಡಾಂಬರು. ತಿಂಗಳಿಗೊಮ್ಮೆ ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಚಾರ್ಮಾಡಿ ಘಾಟಿ ಇಳಿಯಲೇಬೇಕು, ಮಂಜಿದ್ದರೂ ಸರಿ, ಮಳೆ ಹೊಯ್ಯುತ್ತಿದ್ದರೂ ಸರಿ. ಅಂದರೆ ನನ್ನ ಗಾಡಿ ಕೆಸರಿನಲ್ಲಿ ಓಡುವುದು ಸ್ವಲ್ಪವೇ, ಒದ್ದೆ ಡಾಂಬರಿನ ಮೇಲೆ ಓಡುವುದೇ ಹೆಚ್ಚು. ಹೋದ ವರ್ಷ ಅದೇ ಘಾಟಿಯ ಆಲೇಕಾನಿನ ತಿರುವಿನಲ್ಲಿ ಆದದ್ದನ್ನು ಮತ್ತೆ ಹೇಳುವ ಮನಸ್ಸಿಲ್ಲ, ಗೊತ್ತಿದ್ದವರಿಗೆ ಗೊತ್ತಿದೆ.

ಮಡ್ ಟೈರಿನ ಮೇಲೆ ನನಗೆ ದ್ವೇಷವೇನೂ ಇಲ್ಲ. ನೆಲಕ್ಕೆ ತಾಗುವ ಉಬ್ಬು ರಬ್ಬರಿನ ದೊಡ್ಡ ದೊಡ್ಡ ಬಟನ್, ನಡುವೆ ಅಗಲವಾದ ಸಂದು, ಚಕ್ರ ತಿರುಗುತ್ತಿದ್ದಂತೆ ಸಂದಿನಲ್ಲಿ ಸಿಕ್ಕಿಕೊಂಡ ಕೆಸರು ತಾನಾಗಿ ಹೊರಗೆ ಸಿಡಿದು ಹೋಗುತ್ತದೆ. ಆಳದ ಕೆಸರಿನಲ್ಲೇ ದಿನವಿಡೀ ದುಡಿಯುವ ಗಾಡಿಗೆ ಅದಕ್ಕಿಂತ ಒಳ್ಳೆಯ ಟೈರಿಲ್ಲ. ಆದರೆ ಅಷ್ಟು ಸಂದು ಬಿಟ್ಟ ಮೇಲೆ ರಸ್ತೆಗೆ ತಾಗುವ ರಬ್ಬರು ಕಡಿಮೆಯಾಗುತ್ತದೆ. ಒದ್ದೆ ಡಾಂಬರನ್ನು ಕಚ್ಚಿ ಹಿಡಿಯಲು ಬಟನ್ನಿನ ಮೈಮೇಲೆ ಇರಬೇಕಾದ ತೆಳುವಾದ ಸೀಳುಗಳೂ ಅದರಲ್ಲಿ ವಿರಳ. ಹಾಗಾಗಿ ಮಳೆಯಲ್ಲಿ ಬ್ರೇಕ್ ಹಾಕಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಎ/ಟಿ ಟೈರಿನಲ್ಲಿ ಸಂದು ಕಡಿಮೆ, ಸೀಳು ಹೆಚ್ಚು, ಕೆಸರಿನಲ್ಲಿ ಮಡ್ ಟೈರಿನಷ್ಟು ಎಳೆಯುವುದಿಲ್ಲ ನಿಜ, ಆದರೆ ನಮ್ಮ ದಾರಿಯ ಬುಡದಲ್ಲಿ ಗಾಳಿಯನ್ನು 18 ಪಿಎಸ್ಐಗೆ ಇಳಿಸಿಕೊಂಡು, ನಾಲ್ಕೂ ಚಕ್ರ ನಿಧಾನವಾಗಿ ಬಲವಾಗಿ ಎಳೆಯುವ ಫೋರ್ ಎಲ್ ಗೇರು ಹಾಕಿದರೆ ಹತ್ತುತ್ತದೆ. ಗಾಳಿ ಇಳಿಸಿದಾಗ ಟೈರು ನೆಲಕ್ಕೆ ಉದ್ದುದ್ದವಾಗಿ ಕೂರುತ್ತದೆ, ಹಿಡಿತ ಬರುವುದು ಅದರಿಂದ. ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಿಸಿಕೊಳ್ಳುವ ಸಣ್ಣ ಕಂಪ್ರೆಸರ್ ನನ್ನ ಡಿಕ್ಕಿಯಲ್ಲೇ ಇದೆ. ಇನ್ನು ಅಗಲದ ವಿಷಯಕ್ಕೆ ಬಂದರೆ, ರಾಡಿಯ ಕೆಳಗೆ ಗಟ್ಟಿ ನೆಲ ಇರುವ ನಮ್ಮಂಥ ಕಡೆ ಕಿರಿದಾದ ಟೈರೇ ರಾಡಿಯನ್ನು ಸೀಳಿಕೊಂಡು ನೆಲ ಮುಟ್ಟುತ್ತದೆ. ಅಗಲದ್ದು ಬೇಕಾಗುವುದು ಮರಳಿನಲ್ಲಿ. ಅಪ್ಪನ ಕಾಲದ ಜೀಪಿಗೆ ಇದ್ದದ್ದು 6.00-16 ಎಂಬ ಸಣಕಲು ಟೈರು. ಮಳೆಗಾಲದಲ್ಲಿ ಅದಕ್ಕೆ ಕಬ್ಬಿಣದ ಚೈನು ಬಿಗಿದು ಇದೇ ದಾರಿಯಲ್ಲಿ ಕಾಫಿ ಮೂಟೆ ಸಾಗಿಸಿದ್ದಾರೆ.

ಇಷ್ಟನ್ನು ನಾನು ಅಂಗಡಿಯಲ್ಲಿ ಹೇಳಲು ಹೋಗಲಿಲ್ಲ, ಹೇಳುವುದಕ್ಕೆ ಬಿಟ್ಟರೆ ತಾನೆ? ಆತ ಆಗಲೇ ಎರಡನೆಯ ಸಲಹೆಗೆ ಹೋಗಿದ್ದ. "ಐದು ಯಾಕೆ ಬಾಸ್, ಹಿಂದಕ್ಕೆ ಎರಡು ಹಾಕಿಸಿ ಸಾಕು, ಮುಂದಿನವು ಇನ್ನೂ ಒಂದು ವರ್ಷ ಬರ್ತವೆ."

ಹಿಂದೆ ಆತನ ದೊಡ್ಡ ಟೈರು, ಮುಂದೆ ನನ್ನ ಹಳೆಯ ಚಿಕ್ಕದು! ಈ ಮಾತನ್ನು ಕೇಳಿ ನನಗೆ ನಿಜವಾಗಿಯೂ ಭಯವಾಯಿತು. 195/80 ಆರ್ 15 ಟೈರಿನ ವ್ಯಾಸ 693 ಮಿಲಿಮೀಟರ್, 235/75 ಆರ್ 15ರದ್ದು 733.5. ಒಂದು ಕಿಲೋಮೀಟರ್ ಹೋಗಲು ಚಿಕ್ಕದು ಸುಮಾರು 459 ಸುತ್ತು ತಿರುಗಿದರೆ ದೊಡ್ಡದು 434 ಸುತ್ತು ತಿರುಗುತ್ತದೆ. ಫೋರ್ ವೀಲ್‌ಗೆ ಹಾಕಿದಾಗ ಈ ಗಾಡಿಯಲ್ಲಿ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಟ್ರಾನ್ಸ್‌ಫರ್ ಕೇಸಿನಲ್ಲಿ (ಎಂಜಿನ್ನಿನ ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರು ಪೆಟ್ಟಿಗೆಯಲ್ಲಿ) ಒಂದಕ್ಕೊಂದು ಬಿಗಿದುಕೊಂಡು ಸಮನಾಗಿ ತಿರುಗಬೇಕು, ನಡುವೆ ಆ ವ್ಯತ್ಯಾಸವನ್ನು ನುಂಗುವ ಡಿಫರೆನ್ಷಿಯಲ್ ಇಲ್ಲ. ಕಿಲೋಮೀಟರಿಗೆ 25 ಸುತ್ತಿನ ಜಗ್ಗಾಟ ಎಲ್ಲಿಗೆ ಹೋಗಬೇಕು? ಕೆಸರಾದರೆ ಚಕ್ರ ಜಾರಿ ಸ್ವಲ್ಪ ಬಿಡುಗಡೆಯಾಗುತ್ತದೆ. ಕಲ್ಲು ಹಾಸಿನ ಮೇಲೆ ಗೇರ್, ಶಾಫ್ಟ್, ಟೈರು ಎಲ್ಲವೂ ಅದನ್ನು ಅನುಭವಿಸಬೇಕು. ಫೋರ್ ವೀಲ್ ಗಾಡಿಗೆ ಟೈರು ಮಾರುವುದೇ ವ್ಯಾಪಾರವಾದವನಿಗೆ ಇದು ಗೊತ್ತಿರಲಾರದೇ? ಗೊತ್ತಿಲ್ಲವೆಂದರೆ ಬೇಸರ, ಗೊತ್ತಿದ್ದೂ ಹೇಳಿದನೆಂದರೆ ಇನ್ನೂ ಬೇಸರ. ಎರಡರಲ್ಲಿ ಯಾವುದು ಎಂದು ನಿನ್ನೆಯಿಂದ ಯೋಚಿಸಿ ಯೋಚಿಸಿ ಸಾಕಾಗಿದೆ.

ಆಮೇಲೆ ಆದದ್ದನ್ನು ನಡೆದಂತೆಯೇ ಹೇಳುತ್ತೇನೆ. ಆತ ಹೊಗಳುತ್ತಿದ್ದ ಆ ಮಡ್ ಟೈರು ನೆಲದ ಮೇಲೆ ಅಡ್ಡ ಮಲಗಿತ್ತು. ಅದರ ಮೇಲೆ ಒಂದು ಕಾಲಿಟ್ಟುಕೊಂಡು ಹುಡುಗನಿಗೆ ಫೋನಿನಲ್ಲಿ ಯಾವುದೋ ಗಾಡಿಯ ಫೋಟೋ ತೋರಿಸುತ್ತಿದ್ದ. ಇದು ಯಾವ ವಾರ ತಯಾರಾದದ್ದು ಎಂದು ನಾನು ಕೇಳಿದೆ. ಹಾಲಿನ ಪ್ಯಾಕೆಟ್ಟಿನ ಮಾತು ಬಂದದ್ದು ಆಗಲೇ. ನಗು ಮುಗಿಯುವವರೆಗೆ ಸುಮ್ಮನಿದ್ದು, ಮಂಡಿಯೂರಿ ಕೂತು, ಫೋನಿನ ಟಾರ್ಚ್ ಹಾಕಿ, ದುಪ್ಪಟ್ಟದ ತುದಿಯಿಂದ ಧೂಳು ಒರೆಸುತ್ತ ಮಗ್ಗುಲಿನ ಸುತ್ತ ಹುಡುಕಿದೆ. ಮೇಲಿದ್ದ ಮಗ್ಗುಲಲ್ಲಿ ದಿನಾಂಕ ಇರಲಿಲ್ಲ. ಎಷ್ಟೋ ಟೈರುಗಳಲ್ಲಿ ಪೂರ್ತಿ ಸಂಕೇತ ಒಂದೇ ಮಗ್ಗುಲಿಗೆ ಇರುತ್ತದೆ, ಆದ್ದರಿಂದ ಮಗುಚಿ ನೋಡಬೇಕಿತ್ತು. "ಸ್ವಲ್ಪ ಕಾಲು ತೆಗೀರಿ" ಎಂದೆ. ಆತ ತೆಗೆಯಲಿಲ್ಲ. ನನ್ನ ತಲೆಯ ಮೇಲಿಂದ ಹುಡುಗನನ್ನು ನೋಡಿ, "ಬಾಸ್, ಇವರಿಗೆ ನೀವಾದ್ರೂ ಹೇಳಿ" ಎಂದ. ನಾನು ನೆಲದ ಮೇಲೆ, ಆತನ ಚಪ್ಪಲಿ ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿ, ಸುತ್ತ ನಿಂತವರು ಮುಂದೇನಾಗುತ್ತದೆಂದು ನೋಡುತ್ತಿದ್ದರು. ಎರಡನೆಯ ಸಲ ಕೇಳಿದ ಮೇಲೆ ಕಾಲು ತೆಗೆದ, ಕೈ ಮಾತ್ರ ಹಾಕಲಿಲ್ಲ. ಆ ಭಾರದ ಟೈರನ್ನು ನಾನೊಬ್ಬಳೇ ಎತ್ತಿ ಮಗುಚಿದೆ.

ಅಂಕಿ 0720 ಎಂದಿತ್ತು. ಅಂದರೆ 2020ರ ಏಳನೆಯ ವಾರ, ಫೆಬ್ರವರಿ. ಹೊರದೇಶದಿಂದ ಬಂದ ಟೈರು. ಹೊಸ ಟೈರುಗಳ ಆಮದಿಗೆ ಕೇಂದ್ರ ಸರ್ಕಾರ ನಿರ್ಬಂಧ ಹೇರಿದ್ದು 2020ರ ಜೂನಿನಲ್ಲಿ. ಅದಕ್ಕಿಂತ ಮೊದಲು ತಯಾರಾದ ಮಾಲು ಆರು ವರ್ಷ ದಾಟಿ ಇಲ್ಲಿ ನನ್ನ ಕಾಲ ಬುಡದಲ್ಲಿ ಬಿದ್ದಿತ್ತು. ಒದ್ದೆ ರಸ್ತೆಯಲ್ಲಿ ಟೈರು ಇಷ್ಟಾದರೂ ಹಿಡಿತ ಕೊಡಬೇಕು ಎಂಬ ಮಾನದಂಡ ನಮ್ಮಲ್ಲಿ ಅಧಿಸೂಚನೆಯಾದದ್ದೇ 2022ರಲ್ಲಿ, ಈ ಟೈರು ಹುಟ್ಟಿದಾಗ ಆ ನಿಯಮವೇ ಇರಲಿಲ್ಲ. ಬಟನ್ ಒಂದಿಷ್ಟೂ ಸವೆದಿರಲಿಲ್ಲ, ಹೊಳಪಿಗೆ ಏನೋ ಸವರಿದ್ದರು, ಆದರೆ ಟಾರ್ಚ್ ಹಿಡಿದು ನೋಡಿದಾಗ ಬಟನ್ನಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕುಗಳು ಕಂಡವು. ರಬ್ಬರು ಓಡದೆಯೂ ಹಳತಾಗುತ್ತದೆ, ಗಾಳಿಯಲ್ಲಿರುವ ಆಮ್ಲಜನಕವೇ ಅದನ್ನು ಗಡುಸು ಮಾಡುತ್ತದೆ, ಗಡುಸಾದ ರಬ್ಬರು ಒದ್ದೆ ರಸ್ತೆಯಲ್ಲಿ ಜಾರುತ್ತದೆ. ನಾನು ಆ ಅಂಕಿ ತೋರಿಸಿದೆ. "ಅದು ಬ್ಯಾಚ್ ನಂಬರ್ ಮೇಡಂ" ಎಂದ. ಹೇಳಿದ ದರ ಹೊಸ ಟೈರಿನದ್ದೇ. ಟೈರಿನ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದು 2025ರ ಸೆಪ್ಟೆಂಬರಿಗೇ ಜಾರಿಯಾಗಿದೆಯಲ್ಲ, ಬಿಲ್ ಕೊಡುತ್ತೀರಾ ಎಂದು ಕೇಳಿದ್ದಕ್ಕೆ, ಬಿಲ್ ಬೇಕೆಂದರೆ ರೇಟು ಬೇರೆ ಎಂಬ ಉತ್ತರ ಬಂತು. ಅದನ್ನೂ ಹುಡುಗನಿಗೇ ಹೇಳಿದ.

ಯಾರಾದರೂ ಉತ್ತರ ಕೊಡಿ. ಅಂಗಡಿ ನಡೆಸುವವರು ಇದನ್ನು ಓದುತ್ತಿದ್ದರೆ ನೀವೇ ಕೊಡಿ. ತಯಾರಾದ ವಾರವನ್ನು ಟೈರಿನ ಮೈಮೇಲೆ ಅಚ್ಚು ಹಾಕುವುದು ಯಾರು ಓದಲಿ ಎಂದು? ಕೊಳ್ಳುವವರು ಓದಬಾರದೆಂದಿದ್ದರೆ ಅಚ್ಚು ಹಾಕುವುದೇಕೆ? ಮೂಲ ಅಳತೆ ಬಿಟ್ಟು ದೊಡ್ಡ ಟೈರು ಹಾಕಿಸಿಕೊಂಡರೆ ಮೀಟರಿನಲ್ಲಿ 60 ತೋರಿಸುವಾಗ ಗಾಡಿ 63ಕ್ಕಿಂತ ಹೆಚ್ಚು ವೇಗದಲ್ಲಿರುತ್ತದೆ, ಗೇರು ಎತ್ತರವಾದಂತಾಗಿ ಏರಿನಲ್ಲಿ ಎಳೆತ ಕಡಿಮೆಯಾಗುತ್ತದೆ ಎಂದು ಮಾರುವ ಮೊದಲು ಒಂದು ಮಾತು ಹೇಳಲು ನಿಮಗೇನು ಕಷ್ಟ? ಗಾಡಿಯ ಮೂಲ ವಿನ್ಯಾಸವನ್ನು ಬದಲಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲೇ ಹೇಳಿದೆ. ಕಾನೂನಿಗೆ ಒಪ್ಪದ ಬದಲಾವಣೆ ಮಾಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಎಂದು ಮೋಟಾರು ವಾಹನ ಕಾಯ್ದೆಯಲ್ಲಿದೆ. ಅಪಘಾತವಾದ ದಿನ ವಿಮೆಯವರು ಅಳತೆಪಟ್ಟಿ ಹಿಡಿದುಕೊಂಡು ಬಂದರೆ ಆಗ ನನ್ನ ಪಕ್ಕ ಬಂದು ನಿಲ್ಲುವವರು ಯಾರು? "ಎಲ್ಲರೂ ಹಾಕಿಸ್ತಾರೆ" ಎಂದವರು ಬರುತ್ತೀರಾ?

ಮನೆಯವರು ಹೇಳುವುದು, ಹೋಗಲಿ ಬಿಡು, ಅವರು ಇರುವುದೇ ಹಾಗೆ, ಮುಂದಿನ ಸಲ ನಿನ್ನ ಭಾವನನ್ನು ಕಳಿಸೋಣ ಎಂದು. ಭಾವನವರು ಸ್ಕೂಟರಿಗಿಂತ ದೊಡ್ಡ ಗಾಡಿ ಓಡಿಸಿದವರಲ್ಲ. ಈ ಮಾತು ಕೇಳಿದಾಗ ಅಂಗಡಿಯಲ್ಲಿ ಆದದ್ದಕ್ಕಿಂತ ಹೆಚ್ಚು ನೋವಾಯಿತು. ಆದರೆ ಮೇ ಮುಗಿಯುತ್ತ ಬಂತು. ಈಗಿರುವ ಟೈರಿನ ಸಂದಿನಲ್ಲಿ ಸವೆತ ತೋರಿಸುವ ಗುರುತಿನ ದಿಬ್ಬಗಳು ಬಟನ್ನಿನ ಮಟ್ಟಕ್ಕೆ ಬಂದಿವೆ, ಅಂದರೆ ಉಳಿದಿರುವುದು 1.6 ಮಿಲಿಮೀಟರ್. ಇದರಲ್ಲಿ ಅಮ್ಮನನ್ನು ಕೂರಿಸಿಕೊಂಡು ಘಾಟಿ ಇಳಿಯುವ ಧೈರ್ಯ ನನಗಿಲ್ಲ. ಮರ್ಯಾದೆಯೇ ದೊಡ್ಡದು ಎಂದು ಕೂತರೆ ಮಳೆ ಕಾಯುತ್ತದೆಯೇ? ಯಾರನ್ನಾದರೂ ಕಳಿಸಿ ತರಿಸಿಕೊಂಡು ಸುಮ್ಮನಾಗಿಬಿಡಲೇ ಎಂದು ಬೆಳಿಗ್ಗೆ ನನಗೂ ಅನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಆ ಯೋಚನೆಯ ಮೇಲೇ ಸಿಟ್ಟು ಬಂತು. ನನ್ನ ಹಣ, ನನ್ನ ಗಾಡಿ, ಓಡಿಸುವವಳು ನಾನು. ಕೇಳುವ ಹಕ್ಕು ಮಾತ್ರ ಬೇರೆಯವರದ್ದೇ?

ಇವತ್ತು ಸಂಜೆ ಅಕ್ಕನ ಮಗ ಬಂದ. ನಿನ್ನೆ ತುಟಿ ಅಲುಗಿಸಿದ್ದಕ್ಕೆ ಅವನಿಗೆ ಒಳಗೇ ಕಸಿವಿಸಿ ಇದ್ದಿರಬೇಕು. "ಚಿಕ್ಕಮ್ಮ, ಒಂದ್ ನಿಮಿಷ ಇರು" ಎಂದು, ನನ್ನೆದುರೇ ಅದೇ ಅಂಗಡಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. ಯಾರು, ಎಲ್ಲಿಂದ ಎಂದು ಏನೂ ಹೇಳಲಿಲ್ಲ. ನಾನು ಹಾಳೆಯ ಮೇಲೆ ಬರೆದುಕೊಟ್ಟಿದ್ದನ್ನು ಹಾಗೆಯೇ ಓದಿದ: 195/80 ಆರ್ 15, ಎ/ಟಿ, ಐದು. ಆ ಕಡೆಯಿಂದ ಅದೇ ದನಿ, "ಬರುತ್ತೆ ಸರ್, ಸ್ಟಾಕ್ ಇಲ್ಲ, ಮಂಗಳೂರಿಂದ ಎರಡು ದಿನದಲ್ಲಿ ತರಿಸಿ ಕೊಡ್ತೀನಿ" ಎಂದಿತು. ಈ ವರ್ಷ ತಯಾರಾದದ್ದೇ ಬೇಕು ಎಂದು ಹುಡುಗ ಸೇರಿಸಿದ. "ಫ್ರೆಶ್ ಮಾಲೇ ಕೊಡೋದು ಸರ್, ಬಿಲ್ ಯಾವ ಹೆಸರಿಗೆ?" ಹಾಲಿನ ಪ್ಯಾಕೆಟ್ಟಿನ ಮಾತಿಲ್ಲ, ನಗುವಿಲ್ಲ, ಬಿಲ್ಲಿಗೆ ಬೇರೆ ರೇಟೂ ಇಲ್ಲ.

ಹುಡುಗ ನನ್ನ ಮುಖ ನೋಡಿದ. ನನ್ನ ಹೆಸರನ್ನೇ ಹೇಳು ಎಂದೆ. ಹೇಳಿದ. ಆ ಕಡೆ ಬರೆದುಕೊಂಡರು, ಅದು ನಿನ್ನೆ ನೆಲದ ಮೇಲೆ ಕೂತಿದ್ದವಳ ಹೆಸರೆಂದು ಅವರಿಗೆ ಗೊತ್ತಾಗಿಲ್ಲ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಮಂಗಳೂರಿನಲ್ಲೋ, ಈ ಅಳತೆಯ ಐದು ಟೈರುಗಳನ್ನು ಅಂಕಿ ತೋರಿಸಿ, ಬಿಲ್ ಕೊಟ್ಟು, ಕೇಳಿದವರ ಮುಖ ನೋಡಿ ಮಾತಾಡಿ ಮಾರುವ ಅಂಗಡಿ ನಿಮಗೆ ಗೊತ್ತಿದ್ದರೆ ದಯವಿಟ್ಟು ನಾಳೆಯೊಳಗೆ ತಿಳಿಸಿ. ಇಲ್ಲವಾದರೆ ನಾಡಿದ್ದು ನಾನು ಅಲ್ಲಿಗೇ ಹೋಗಬೇಕಾಗುತ್ತದೆ, ಹೋಗುವುದು ನಾನೊಬ್ಬಳೇ.