ಹಳೆಯ ಮಿರಾಜ್ ಬಿಡಿಭಾಗಕ್ಕಿರಲಿ
ನಮ್ಮ ವಾಯುಪಡೆಯ ಸ್ಕ್ವಾಡ್ರನ್‌ಗಳ (ಯುದ್ಧವಿಮಾನಗಳ ತುಕಡಿಗಳ) ಕೊರತೆ ನೀಗಲು, ಬೇರೆ ದೇಶಗಳು ಬಳಸಿ ಬಿಟ್ಟ ಯುದ್ಧವಿಮಾನಗಳನ್ನು ಕೊಳ್ಳಬಹುದೆಂಬ ಲೇಖನವೊಂದರ ಸಲಹೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾದ ಮೇಲೆ, ಮಂಜೂರಾದ 42 ಸ್ಕ್ವಾಡ್ರನ್‌ಗಳಲ್ಲಿ 29 ಮಾತ್ರ ಉಳಿದಿರುವುದು ನಿಜ. ಆದರೆ ವಿಮಾನದ ಆಯುಸ್ಸು ಬಹುಪಾಲು ಅದು ಹಾರಿದ ಗಂಟೆಗಳಲ್ಲಿ ಸವೆಯುತ್ತದೆ. ರೆಕ್ಕೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ಹ್ಯಾಂಗರ್‌ನಲ್ಲಿ ನಿಲ್ಲಿಸಬೇಕಾಗುತ್ತದೆ, ಅಗ್ಗದಲ್ಲಿ ಕೊಂಡು ಉಳಿಸಿದ ಹಣ ದುರಸ್ತಿಯಲ್ಲೇ ಕರಗಿಹೋಗುತ್ತದೆ. ಫ್ರಾನ್ಸ್ ಸೇವೆಯಿಂದ ಇಳಿಸಿದ ಮಿರಾಜ್-2000ಗಳನ್ನು, ಅದೇ ವಿಮಾನಗಳನ್ನು ಹಾರಿಸುವ ನಮ್ಮ ವಾಯುಪಡೆ ಬಿಡಿಭಾಗಗಳಿಗಾಗಿ ಕೊಂಡದ್ದು ಜಾಣತನವೇ ಸರಿ, ಏಕೆಂದರೆ ಆ ವಿಮಾನವನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಬೆಂಗಳೂರಿನ ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್‌ನಲ್ಲೇ ಇವೆ. ಹೊಸ ವಿಮಾನಗಳೂ ಕೇಳಿದೊಡನೆ ಬರುವುದಿಲ್ಲ: 2021ರಲ್ಲಿ ಬೇಡಿಕೆ ಸಲ್ಲಿಸಿದ 83 ಸ್ವದೇಶಿ ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳು, ಅಮೆರಿಕದ ಎಂಜಿನ್‌ಗಳು ಸಕಾಲಕ್ಕೆ ಬಾರದ ಕಾರಣವೂ ಸೇರಿ, ತಡವಾಗಿವೆ. ಹಾಗಿದ್ದರೂ, ಇನ್ನೊಬ್ಬರು ಸವೆಸಿದ ವಿಮಾನದಿಂದ ಹೊಸ ಸ್ಕ್ವಾಡ್ರನ್ ಕಟ್ಟುವ ಬದಲು ಆ ಹಣವನ್ನು ತೇಜಸ್‌ನ ಉತ್ಪಾದನಾ ಸಾಲುಗಳಿಗೇ ಹಾಕಬೇಕೆಂಬುದು ನನ್ನ ಅಭಿಪ್ರಾಯ.